ಧಾರೆ ಎರೆಯಲೊಲ್ಲದ ಕೈ

ನಾನು ಇಪ್ಪತ್ತಾರು ವರ್ಷ ಕೂತಿದ್ದ ಕುರ್ಚಿಗೆ ಈಗೊಬ್ಬ ಹುಡುಗಿ ಬಂದಿದ್ದಾಳೆ. ಓದಿನಲ್ಲಿ ನನಗಿಂತ ಬಹಳ ಜೋರು. ಹೋದ ತಿಂಗಳು ಕೊಡಿಗೇಹಳ್ಳಿಯ ನಮ್ಮ ಮನೆ ಹುಡುಕಿಕೊಂಡು ಬಂದು, ಈ ಮಿಲಿಟರಿಯವರು ಬಾಯೇ ಬಿಡುವುದಿಲ್ಲವಲ್ಲ ಮೇಡಂ, ಏನು ಮಾಡಲಿ ಎಂದು ಕೇಳಿದಳು. ಕಾಫಿ ಕೊಟ್ಟೆ, ಕೋಡುಬಳೆ ಕೊಟ್ಟೆ, ಉತ್ತರ ಕೊಡಲು ಮಾತ್ರ ಆಗಲಿಲ್ಲ. ಅವಳು ಹೋದ ಮೇಲೆ ಕೂತು ಯೋಚಿಸಿದೆ. ನಾನು ಏನನ್ನು ಸರಿಯಾಗಿ ಮಾಡಿದೆ ಎಂದು ಹೇಳುವುದು ಕಷ್ಟ. ಎಲ್ಲೆಲ್ಲಿ ಎಡವಿದೆ ಎಂದಾದರೆ ಬೇಕಾದಷ್ಟು ಹೇಳಬಹುದು. ಅದನ್ನೇ ಬರೆಯುತ್ತಿದ್ದೇನೆ ತಾಯೀ, ಪುರುಸೊತ್ತಾದಾಗ ಓದಿಕೋ.

ಗಂಗಾನಗರದ ಕಡೆ ಮಾಜಿ ಸೈನಿಕರಿಗೂ ಅವರ ಮನೆಯವರಿಗೂ ಎಂದು ಇದ್ದ ಚಿಕ್ಕ ಆಸ್ಪತ್ರೆ ನಮ್ಮದು. ನಾನು ಸೇರಿದ್ದು ನರ್ಸ್ ಆಗಿ. ಆಮೇಲೆ ಒಂದು ಕೋರ್ಸ್ ಮಾಡಿಸಿ, ಬಾಗಿಲಿಗೆ ‘ಆಪ್ತಸಮಾಲೋಚಕಿ’ ಎಂಬ ಬೋರ್ಡು ಹಾಕಿದರು. ಬರುವವರಿಗೆ ಅದನ್ನು ಓದುವ ತಾಳ್ಮೆ ಎಲ್ಲಿ? ಕೊನೆಯ ದಿನದವರೆಗೂ ನಾನು ಸಿಸ್ಟರೇ. ಬಡ್ತಿ, ವರ್ಗಾವಣೆ ವಿಷಯ ಇಲ್ಲಿ ಬರೆಯುವುದಿಲ್ಲ. ಅದರಲ್ಲಿ ಆಸಕ್ತಿ ಇರುವವರು ನನ್ನ ಸರ್ವಿಸ್ ರಿಜಿಸ್ಟರ್ ತೆಗೆಸಿ ನೋಡಲಿ.

ಮೊದಲನೆಯ ತಪ್ಪು ಮಾಕಳಿಯ ಸುಬೇದಾರರದ್ದು. ಅವರದ್ದಲ್ಲ, ನನ್ನದು. ಆಗ ನಾನು ಕೆಲಸಕ್ಕೆ ಹೊಸಬಳು. ಸುಬೇದಾರರು ಪ್ರತಿ ತಿಂಗಳು ಎರಡು ಬಸ್ಸು ಬದಲಾಯಿಸಿಕೊಂಡು ಬಂದು, ಹೊಟ್ಟೆ ಉರಿ ಎಂದು ಹೇಳಿ ಮಾತ್ರೆ ತೆಗೆದುಕೊಂಡು ಹೋಗುತ್ತಿದ್ದರು. ಎಲ್ಲ ಪರೀಕ್ಷೆಯೂ ಆಗಿತ್ತು, ಹೊಟ್ಟೆಯಲ್ಲಿ ಏನೂ ಇರಲಿಲ್ಲ. ಒಂದು ದಿನ ಹೊರಗೆ ಯಾರೂ ಇಲ್ಲದ್ದನ್ನು ನೋಡಿಕೊಂಡು, ಮಾತ್ರೆಯ ಪೊಟ್ಟಣ ಕೈಯಲ್ಲಿ ಹಿಡಿದೇ ಹೇಳಿದರು: "ಇದು ಒಟ್ಟೆ ಉರಿ ಅಲ್ಲ ಕಣಮ್ಮ. ಯುದ್ಧದಾಗೆ ಒಬ್ಬನ್ನ ಒಡೆದಿದ್ದೆ. ಇನ್ನಾ ಮೀಸೆ ಬಂದಿರ್ಲಿಲ್ಲ ಅವನ್ಗೆ."

ನಾನು ಏನು ಮಾಡಿದೆ ಗೊತ್ತೇ? ಅವರ ಮಾತು ಮುಗಿಯುವ ಮೊದಲೇ ಬಾಯಿ ಹಾಕಿದೆ. ಅಯ್ಯೋ ಅಪ್ಪಾಜಿ, ಅದು ಪಾಪವೇ ಅಲ್ಲ, ದೇಶಕ್ಕೋಸ್ಕರ ಮಾಡಿದ್ದು, ನೀವು ಅಲ್ಲಿ ನಿಂತಿದ್ದಕ್ಕೆ ನಾವಿಲ್ಲಿ ಅನ್ನ ತಿಂತಿದ್ದೀವಿ ಎಂದು ಒಂದೇ ಉಸಿರಿಗೆ ಹೇಳಿ ಮುಗಿಸಿದೆ. ಬಹಳ ಚೆನ್ನಾಗಿ ಮಾತಾಡಿದೆ ಎಂದು ನನಗೇ ಅನ್ನಿಸಿತ್ತು. ಸುಬೇದಾರರು ಪೊಟ್ಟಣ ಜೇಬಿಗೆ ಹಾಕಿಕೊಂಡು, "ಆಯ್ತು ಬುಡಮ್ಮ" ಎಂದು ಎದ್ದರು. ಅದಾದ ಮೇಲೂ ಎರಡು ವರ್ಷ ಬಂದರು. ಬಸ್ಸಿನ ವಿಷಯ, ಮಳೆಯ ವಿಷಯ, ಮೊಮ್ಮಕ್ಕಳ ವಿಷಯ ಮಾತಾಡಿದರು. ಆ ವಿಷಯ ಮಾತ್ರ ಎತ್ತಲೇ ಇಲ್ಲ. ಒಂದು ದಿನ ಅವರ ಮಗ ಬಂದು, ಅಪ್ಪ ಹೋಗಿಬಿಟ್ಟರು, ಹೆಸರು ತೆಗೆದುಬಿಡಿ ಎಂದು ಕಾರ್ಡು ಮೇಜಿನ ಮೇಲೆ ಇಟ್ಟ.

ನಮ್ಮ ದೊಡ್ಡ ಡಾಕ್ಟರರು ಸೈನ್ಯದಿಂದ ನಿವೃತ್ತರಾಗಿ ಬಂದ ಕರ್ನಲ್. ದಿನಕ್ಕೆ ಹತ್ತು ಮಾತು ಆಡಿದರೆ ಹೆಚ್ಚು, ಅದರಲ್ಲಿ ಎಂಟು ಬೈಗುಳ. ಅಂದು ನಾನು ಅಳುತ್ತಾ ಎಲ್ಲವನ್ನೂ ಹೇಳಿಕೊಂಡೆ. ಅವರು ಬೈಯಲಿಲ್ಲ. "ನೀವು ಅವನಿಗೆ ಸಮಾಧಾನ ಹೇಳ್ಲಿಲ್ಲ ಸಿಸ್ಟರ್, ನಿಮಗೆ ನೀವೇ ಹೇಳ್ಕೊಂಡ್ರಿ," ಎಂದರು. ಬೈದಿದ್ದರೆ ಒಳ್ಳೆಯದಿತ್ತು.

ಆ ಕಾಲದಲ್ಲಿ ಇಂಥವರಿಗೆಲ್ಲ ನರದ ಬಲಹೀನತೆ ಎಂದು ಬರೆದು ಬಿ-ಕಾಂಪ್ಲೆಕ್ಸ್ ಕೊಡುತ್ತಿದ್ದೆವು. ಆಮೇಲೆ ಫಾರಂ ಬಂತು. ನಿದ್ದೆ ಬರುತ್ತದೆಯೇ, ಸಿಟ್ಟು ಬರುತ್ತದೆಯೇ, ಕುಡಿಯುತ್ತೀರಾ, ಒಂದಕ್ಕೆ ಇಷ್ಟು ಅಂಕ. ನಮ್ಮವರು ಪರೀಕ್ಷೆ ಪಾಸಾಗಬೇಕು ಎಂಬಂತೆ ಎಲ್ಲದಕ್ಕೂ ‘ನಾರ್ಮಲ್’ ಎಂದು ಟಿಕ್ ಹಾಕಿ, ಕೆಳಗೆ ರ‍್ಯಾಂಕಿನ ಸಮೇತ ಸಹಿ ಮಾಡಿ ಕೊಡುತ್ತಿದ್ದರು. ಅದಾದ ಮೇಲೆ, ಎಲ್ಲರನ್ನೂ ಸುತ್ತ ಕೂರಿಸಿ ಮಾತಾಡಿಸಬೇಕು ಎಂಬ ಹೊಸ ಪದ್ಧತಿ ಬಂತು. ಬುಧವಾರ ಹನ್ನೊಂದು ಗಂಟೆಗೆ ಆರು ಜನರನ್ನು ಕೂರಿಸಿದೆ. ಆರೂ ಜನ ಬೆನ್ನು ನೆಟ್ಟಗೆ, ಕೈ ಮಂಡಿಯ ಮೇಲೆ. ಮೂರು ಬುಧವಾರ ಟೀ ಕುಡಿದರು, ಬಿಸ್ಕತ್ತು ತಿಂದರು, ಥ್ಯಾಂಕ್ಯೂ ಸಿಸ್ಟರ್ ಎಂದು ಎದ್ದು ಹೋದರು. ಒಬ್ಬನ ಬಾಯಿಂದಲೂ ಒಂದು ಮಾತಿಲ್ಲ.

ನಾಲ್ಕನೆಯ ಬುಧವಾರದ ಮಾರನೆಯ ದಿನ ನಮ್ಮ ಮನೆಗೆ ನೆಂಟರು ಬರುವವರಿದ್ದರು. ಅವರೆಕಾಯಿ ಕಾಲ. ಸುಲಿಯಲು ಸಮಯವಿಲ್ಲ ಎಂದು ನಾಚಿಕೆ ಬಿಟ್ಟು ಐದು ಕೆಜಿ ಸೊಗಡಿನ ಕಾಯಿಯನ್ನು ಬ್ಯಾಗಿನಲ್ಲಿ ತುಂಬಿಕೊಂಡು, ಮೊರವನ್ನೂ ಹಿಡಿದುಕೊಂಡು ಕೆಲಸಕ್ಕೇ ಹೋಗಿದ್ದೆ. ಹೇಗೂ ಯಾರೂ ಮಾತಾಡುವುದಿಲ್ಲ, ನಾನಾದರೂ ಕಾಯಿ ಸುಲಿಯೋಣ ಎಂದು ಮೊರಕ್ಕೆ ಸುರಿದುಕೊಂಡು ಕೂತೆ. ಒಬ್ಬರು ಸುಮ್ಮನೆ ಕೈ ಹಾಕಿದರು, ಆಮೇಲೆ ಇನ್ನೊಬ್ಬರು. ಗುಂಡಿಗೆ ಹೆದರದವರು ಕಾಯೊಳಗೆ ಹುಳ ಕಂಡರೆ ಹೌಹಾರಿ ಕೈ ಕೊಡವುತ್ತಿದ್ದರು, ಉಳಿದವರು ನಗುತ್ತಿದ್ದರು. ಅರ್ಧ ಗಂಟೆಯಲ್ಲಿ ಒಬ್ಬರು, ಕಣ್ಣು ಮೊರದ ಮೇಲೇ ಇಟ್ಟುಕೊಂಡು, ತಮ್ಮ ಪಕ್ಕದಲ್ಲೇ ಸತ್ತ ಗೆಳೆಯನ ವಿಷಯ ಶುರು ಮಾಡಿದರು. ಯಾರೂ ತಲೆ ಎತ್ತಲಿಲ್ಲ, ಎಲ್ಲರ ಕೈಯೂ ನಡೆಯುತ್ತಲೇ ಇತ್ತು.

ಆ ದಿನದಿಂದ ಅದೇ ನಮ್ಮ ಪದ್ಧತಿ. ಚಳಿಗಾಲದಲ್ಲಿ ಅವರೆಕಾಯಿ, ಬೇಸಿಗೆಯಲ್ಲಿ ಹುಣಸೆಹಣ್ಣಿನ ಬೀಜ ತೆಗೆಯುವುದು, ಏನೂ ಇಲ್ಲದಿದ್ದರೆ ಸೊಪ್ಪು ಬಿಡಿಸುವುದು. ಮೊರದ ಮುಂದೆ ಆಡಿದ ಮಾತು ಮೊರದ ಮುಂದೆಯೇ ಇರಬೇಕು ಎಂಬುದೊಂದೇ ನಿಯಮ. ಕಾರಿಡಾರಿನಲ್ಲೆಲ್ಲ ಸೊಗಡು ವಾಸನೆ, ಇದು ಆಸ್ಪತ್ರೆಯೋ ಅಡುಗೆ ಮನೆಯೋ ಎಂದು ಕರ್ನಲ್ ಕೂಗಾಡಿದರು. ಒಂದು ತಿಂಗಳಾದ ಮೇಲೆ ಅವರೇ ಬಂದು ಕುರ್ಚಿ ಎಳೆದುಕೊಂಡು ಕೂತರು. ಅಷ್ಟು ಕೆಟ್ಟದಾಗಿ ಕಾಯಿ ಸುಲಿಯುವ ಇನ್ನೊಬ್ಬರನ್ನು ನಾನು ನೋಡಿಲ್ಲ.

ಈಗ ಮುನಿರಾಜು ವಿಷಯ. ಹೆಸರು ಅವರದ್ದಲ್ಲ, ಬದಲಾಯಿಸಿದ್ದೇನೆ. ಬರೆಯಲೇ ಎಂದು ಕೇಳಿದ್ದಕ್ಕೆ, ಬರೀರಿ ಸಿಸ್ಟರ್, ಹೊಸದಾಗಿ ಬರೋರಿಗೆ ಗೊತ್ತಾಗ್ಲಿ ಎಂದರು. ಯಲಹಂಕದ ಹತ್ತಿರದ ಹಳೆಯ ಹಳ್ಳಿಯ ರೈತರ ಮನೆಯವರು. ಮನೆಯವರ ಹೊಲವೆಲ್ಲ ಲೇಔಟ್ ಆದ ಮೇಲೆ ಉಳಿದ ಒಂದು ತುಂಡಿನಲ್ಲಿ, ಸೈನ್ಯದಿಂದ ಹವಾಲ್ದಾರ್ ಆಗಿ ಬಂದ ಇವರು ಗಿಡಗಳ ನರ್ಸರಿ ಇಟ್ಟುಕೊಂಡಿದ್ದರು. ಸಹಕಾರನಗರದ ಅರ್ಧ ಮನೆಗಳ ಮುಂದಿರುವ ದಾಸವಾಳ ಇವರದ್ದೇ ಎಂದು ನಾವು ತಮಾಷೆ ಮಾಡುತ್ತಿದ್ದೆವು.

ಅವರನ್ನು ಎಳೆದುಕೊಂಡು ಬಂದವಳು ಹೆಂಡತಿ ಜಯಮ್ಮ. ಬಿಪಿ ತೋರಿಸಲು ಎಂಬುದು ನೆಪ. ಅವರನ್ನು ಡಾಕ್ಟರ ಕೋಣೆಗೆ ಕಳಿಸಿ ನನ್ನ ಹತ್ತಿರ ಕೂತು ಹೇಳಿದಳು: "ಇವ್ರು ಯಾವ ಒಳ್ಳೆ ಕೆಲಸಕ್ಕೂ ಕೈ ಆಕಲ್ಲ ಕಣಕ್ಕ." ಮಗಳ ನಾಮಕರಣದಲ್ಲಿ ಮಗುವಿನ ಕಿವಿಯಲ್ಲಿ ಹೆಸರು ಹೇಳಲಿಲ್ಲವಂತೆ. ಅಣ್ಣನ ಹೊಸ ಮನೆಯಲ್ಲಿ ಹಾಲು ಉಕ್ಕಿಸುವಾಗ ಗೇಟಿನ ಹೊರಗೇ ನಿಂತಿದ್ದರಂತೆ. ಗಿಡ ನೆಡುತ್ತಾರೆ, ನೀರು ಹಾಕುತ್ತಾರೆ, ಅದರ ಹೂವು ಕಿತ್ತು ದೇವರಿಗೆ ಇಡು ಎಂದರೆ ಕೈ ಹಿಂದಕ್ಕೆ ಕಟ್ಟಿಕೊಳ್ಳುತ್ತಾರೆ. ಮಿಲಿಟರಿಗೆ ಹೋಗಿ ಬಂದು ಕೊಬ್ಬು ಎಂದು ನೆಂಟರು ಆಡಿಕೊಳ್ಳುತ್ತಾರೆ ಎಂದು ಸೆರಗಿನಲ್ಲಿ ಕಣ್ಣು ಒರೆಸಿಕೊಂಡಳು.

ಮುನಿರಾಜು ಬುಧವಾರದ ಗುಂಪಿಗೆ ಸೇರಿದರು. ಬೆರಳು ಚುರುಕು, ಬಾಯಿ ಬಂದ್. ಒಂದು ವರ್ಷ ಹೀಗೇ ಹೋಯಿತು. ಆಗ ನಾನು ಎರಡನೆಯ ತಪ್ಪು ಮಾಡಿದೆ. ಈ ತಪ್ಪನ್ನು ನಮ್ಮೂರಿನವರು ಬಿಟ್ಟರೆ ಬೇರೆ ಯಾರೂ ಮಾಡಲಾರರು.

ನಮಗೆ ಯಾರ ಮೇಲಾದರೂ ಪ್ರೀತಿ ಬಂದರೆ ಮಾಡಲು ಗೊತ್ತಿರುವುದು ಒಂದೇ, ಸನ್ಮಾನ. ಶಾಲು ಹೊದಿಸಿ, ಮೈಸೂರು ಪೇಟ ಇಟ್ಟು, ಹಾರ ಹಾಕಿ, ಹಣ್ಣಿನ ಬುಟ್ಟಿ ಕೈಗೆ ಕೊಟ್ಟು ಫೋಟೋ ತೆಗೆದರೆ ಎಂಥ ನೋವೂ ಹೋಗುತ್ತದೆ ಎಂದು ನಂಬಿದವರು ನಾವು. ಒಂದು ಬಡಾವಣೆಯ ಸಂಘದವರು ಆಗಸ್ಟ್ ಹದಿನೈದಕ್ಕೆ ಒಬ್ಬ ಯೋಧರ ಹೆಸರು ಕೊಡಿ ಸಿಸ್ಟರ್ ಎಂದು ಕೇಳಿದಾಗ ನಾನು ಮುನಿರಾಜು ಹೆಸರು ಕೊಟ್ಟೆ. ನಾಲ್ಕು ಜನ ಗೌರವ ಕೊಟ್ಟರೆ ಮನಸ್ಸು ಸ್ವಲ್ಪ ಸಡಿಲಾದೀತು ಎಂಬುದು ನನ್ನ ಲೆಕ್ಕಾಚಾರ. ಅವರು ಬೇಡ ಎಂದರು. ಒಂದು ವಾರ ಬೆನ್ನು ಹತ್ತಿ ಒಪ್ಪಿಸಿದೆ.

ಪಾರ್ಕಿನಲ್ಲಿ ಶಾಮಿಯಾನ, ಕಾಗದದ ಬಾವುಟ ಹಿಡಿದ ಮಕ್ಕಳು. ಜಯಮ್ಮ ರೇಷ್ಮೆ ಸೀರೆ ಉಟ್ಟು ಮುಂದಿನ ಸಾಲಿನಲ್ಲಿ ಕೂತಿದ್ದಳು. ಪೇಟ, ಶಾಲು, ಹಾರ ಎಲ್ಲ ಆಯಿತು. ಅಷ್ಟಕ್ಕೆ ಬಿಟ್ಟಿದ್ದರೆ ಆಗಿತ್ತು. ನಿರೂಪಣೆ ಮಾಡುತ್ತಿದ್ದವರಿಗೆ ಉತ್ಸಾಹ ಉಕ್ಕಿತು. ಸರ್, ನೀವು ಎಷ್ಟು ಜನ ಶತ್ರುಗಳನ್ನ ಹೊಡೆದು ಹಾಕಿದ್ರಿ, ನಮ್ಮ ಮಕ್ಕಳಿಗೆ ಹೇಳಿ ಎಂದು ಮೈಕನ್ನು ಅವರ ಬಾಯಿಗೆ ಹಿಡಿದರು.

ಮುನಿರಾಜು ಮೈಕಿಗೆ ನಿಧಾನವಾಗಿ ಹೇಳಿದರು. "ಒಬ್ಬ. ನನ್ನ ವಯಸ್ಸಿನೋನೇ."

ಎಲ್ಲರೂ ಚಪ್ಪಾಳೆ ತಟ್ಟಿದರು. ಮಕ್ಕಳು ಬಾವುಟ ಆಡಿಸಿದರು. ಚಪ್ಪಾಳೆ ಮುಗಿಯುವವರೆಗೂ ಅವರು ಹಾಗೇ ನಿಂತಿದ್ದರು. ಆಮೇಲೆ ಪೇಟ ತೆಗೆದು ಕುರ್ಚಿಯ ಮೇಲಿಟ್ಟು, ಶಾಲು ಮಡಿಸಿ ಅದರ ಪಕ್ಕ ಇಟ್ಟು, ಮೆಟ್ಟಿಲು ಇಳಿದು ಗೇಟು ದಾಟಿ ನಡೆದುಬಿಟ್ಟರು. ಜಯಮ್ಮ ಹಣ್ಣಿನ ಬುಟ್ಟಿ ಹಿಡಿದುಕೊಂಡು ಹಿಂದೆ ಓಡಿದಳು. ನಾನು ಶಾಮಿಯಾನದ ಕಂಬ ಹಿಡಿದು ನಿಂತಿದ್ದೆ. ನಾಚಿಕೆಯಿಂದ ಸತ್ತು ಹೋಗಬೇಕು ಎನ್ನಿಸಿತು.

ಮೂರು ತಿಂಗಳು ಅವರು ಆಸ್ಪತ್ರೆಯ ಕಡೆ ತಲೆ ಹಾಕಲಿಲ್ಲ. ನಾನೇ ನರ್ಸರಿಗೆ ಹೋದೆ. ತಪ್ಪಾಯಿತು ಎಂದು ಹೇಳಲು ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡಿದ್ದೆ. ಅವರನ್ನು ಕಂಡ ಕೂಡಲೇ ಎಲ್ಲ ಮರೆತು, ತಪ್ಪಾಯ್ತು ಮುನಿರಾಜು ಎಂದಷ್ಟೇ ಬಂತು. ಅವರು ಕುಂಡಕ್ಕೆ ಮಣ್ಣು ತುಂಬುತ್ತಿದ್ದವರು ಒಂದು ಸ್ಟೂಲು ಒರೆಸಿ ಕೊಟ್ಟರು. ಗಿಡಗಳ ಮಧ್ಯೆ ಒಂದು ಗಂಟೆ ನಾನೂ ಕುಂಡಕ್ಕೆ ಮಣ್ಣು ತುಂಬುತ್ತಾ ಕೂತೆ. ಹೊರಡುವಾಗ, ಅವರೆಕಾಯಿ ಬಂದಿದ್ಯಾ ಸಿಸ್ಟರ್ ಎಂದು ಕೇಳಿದರು. ಬಂದಿದೆ ಎಂದೆ. ಮುಂದಿನ ಬುಧವಾರ ಬಂದರು.

ಅಂದು ಐದು ಜನ ಇದ್ದರು. ಕಾಯಿ ಅರ್ಧ ಮುಗಿದಿತ್ತು. ಮುನಿರಾಜು ಶುರು ಮಾಡಿದರು. ನಾವೆಲ್ಲ ಟಿವಿಯಲ್ಲಿ ನೋಡಿದ ಆ ಹಿಮದ ಬೆಟ್ಟದ ಯುದ್ಧ. ಬೆಳಗಿನ ಹೊತ್ತು ಒಂದು ಬಂಡೆ ಸುತ್ತಿ ಹೋದಾಗ, ನಾಲ್ಕು ಮಾರು ದೂರದಲ್ಲಿ ಆ ಕಡೆಯ ಸೈನಿಕನೊಬ್ಬ ಕೂತಿದ್ದ. ಒಬ್ಬನೇ. ಗನ್ನು ಪಕ್ಕದ ಕಲ್ಲಿಗೆ ಒರಗಿತ್ತು. ಇವರನ್ನು ನೋಡಿ ಅವನ ಎರಡೂ ಕೈ ಎದ್ದವು. ಇವರು ಹೊಡೆದರು.

"ಕೈ ಎತ್ತಿದ್ದು ಶರಣು ಅನ್ನೋಕೋ, ಗನ್ ತಗೊಳ್ಳೋಕೋ, ನಂಗೊತ್ತಿಲ್ಲ," ಎಂದರು. "ಅವತ್ತೂ ಗೊತ್ತಿರ್ಲಿಲ್ಲ, ಇವತ್ತೂ ಗೊತ್ತಿಲ್ಲ."

ಆ ಜಾಗ ಬಿಟ್ಟು ಕದಲುವಂತಿರಲಿಲ್ಲ. ಎರಡು ದಿನ ಅವನ ಪಕ್ಕದಲ್ಲೇ ಇದ್ದರಂತೆ. ನಮ್ಮ ಹಳ್ಳಿಗಳಲ್ಲಿ ಯಾರೇ ಸತ್ತರೂ, ಆಗದವನೇ ಆದರೂ, ಹೋಗಿ ಒಂದು ಹಿಡಿ ಮಣ್ಣು ಹಾಕಿ ಬರುತ್ತೇವೆ. ಅಲ್ಲಿ ಹಾಕಲು ಮಣ್ಣೇ ಇರಲಿಲ್ಲ, ಬರೀ ಕಲ್ಲು. ಒಂದೊಂದೇ ಕಲ್ಲು ಎತ್ತಿ ಅವನ ಮೇಲೆ ಇಟ್ಟರಂತೆ. ಮುಖದ ಮೇಲೆ ಇಡಲು ಕೈ ಬರದೆ ತಮ್ಮ ಕರವಸ್ತ್ರ ಹಾಸಿ ಆಮೇಲೆ ಇಟ್ಟರಂತೆ. ಈ ಕೈಯಲ್ಲಿ ಇನ್ನು ಮಂಗಳದ ಕೆಲಸ ಮಾಡಬಾರದು ಎಂದು ಅಲ್ಲೇ ಅಂದುಕೊಂಡರಂತೆ.

ನನ್ನ ನಾಲಿಗೆಯ ತುದಿಗೆ ಏನೇನೋ ಬಂತು. ನುಂಗಿಕೊಂಡೆ. ಪಕ್ಕದಲ್ಲಿದ್ದ ಹಿರಿಯರೊಬ್ಬರು ತಾವು ಸುಲಿದಿದ್ದ ಕಾಳನ್ನು ಬೊಗಸೆಯಲ್ಲಿ ತೆಗೆದು ಮುನಿರಾಜು ರಾಶಿಗೆ ಸುರಿದರು. ಎಲ್ಲರೂ ಮತ್ತೆ ಕಾಯಿಗೆ ಕೈ ಹಾಕಿದರು.

ಇದಾಗಿ ಕೆಲವು ವರ್ಷಕ್ಕೆ ಅವರ ಮಗಳಿಗೆ ಮದುವೆ ಗೊತ್ತಾಯಿತು. ಚೈತ್ರಾ ಒಬ್ಬಳೇ ಮಗಳು, ಲ್ಯಾಬ್ ಟೆಕ್ನಿಷಿಯನ್. ಹುಡುಗ ಯಶವಂತಪುರದ ಮಂಡಿ ವ್ಯಾಪಾರದವರ ಮನೆಯವನು, ಇವಳೇ ಮೆಚ್ಚಿಕೊಂಡದ್ದು. ಮುನಿರಾಜು ಬಹಳ ಖುಷಿಯಾಗಿದ್ದರು. ಹುಡುಗನಿಗೆ ಗುಲಾಬಿ ಕಸಿ ಕಟ್ಟುವುದನ್ನೂ ಕಲಿಸಿದ್ದರು. ಆದರೆ ಶಾಸ್ತ್ರದ ಮಾತು ಬಂದಾಗ, ಧಾರೆ ಅಣ್ಣ ಅತ್ತಿಗೆ ಎರೆಯಲಿ, ನಾನು ಎರೆಯುವುದಿಲ್ಲ ಎಂದುಬಿಟ್ಟರು.

ಬೇರೆ ಊರಿನವರಿಗೆ ಹೇಳಬೇಕು. ನಮ್ಮ ಕಡೆ ಗಂಡು ಹೆಣ್ಣಿನ ಕೈ ಜೋಡಿಸಿ, ಅದರಲ್ಲಿ ತೆಂಗಿನಕಾಯಿ ಇಟ್ಟು, ಮೇಲೆ ಹಾಲು ಎರೆಯುತ್ತಾರೆ. ಮೊದಲು ಎರೆಯಬೇಕಾದವರು ಹೆಣ್ಣಿನ ತಂದೆ ತಾಯಿ. ಆಮೇಲೆ ನೆಂಟರಿಷ್ಟರು ಸಾಲಾಗಿ ಬಂದು ಎರೆಯುತ್ತಾರೆ. ತಂದೆ ಬದುಕಿದ್ದೂ ಎರೆಯದಿದ್ದರೆ ಆ ಮದುವೆ ಅವನಿಗೆ ಬೇಡವಾಗಿದೆ ಎಂದೇ ಊರು ತಿಳಿಯುತ್ತದೆ. ಹುಡುಗನ ಮನೆಯವರೂ ಹಾಗೇ ತಿಳಿದರು. ನಮ್ಮ ಹುಡುಗನ ಮೇಲೆ ಅಸಮಾಧಾನ ಇದ್ದರೆ ಈಗಲೇ ಹೇಳಿಬಿಡಿ, ನಿಲ್ಲಿಸೋಣ ಎಂದು ಆ ಕಡೆಯ ಹಿರಿಯರೊಬ್ಬರು ಮುನಿರಾಜು ಮನೆಗೇ ಬಂದು ಹೇಳಿ ಹೋದರು.

ಮಾರನೆಯ ದಿನ ಚೈತ್ರಾ ಆಸ್ಪತ್ರೆಗೆ ಬಂದಳು. ಕೆಲಸದ ಬಿಳಿ ಕೋಟು ಹಾಗೇ ಇತ್ತು. "ಆಂಟಿ, ಅಪ್ಪ ಏನನ್ನೋ ಮುಚ್ಚಿಡ್ತಿದ್ದಾರೆ. ನಿಮಗೆ ಗೊತ್ತಿದೆ ಅಂತ ನನಗೆ ಗೊತ್ತು," ಎಂದಳು. ಅಪ್ಪ ಎರೆಯದಿದ್ದರೆ ತಾನು ಮಣೆಯ ಮೇಲೆ ಕೂರುವುದಿಲ್ಲ, ದೊಡ್ಡಪ್ಪನ ಕೈಯಲ್ಲಿ ಎರೆಸಿಕೊಂಡು ಅಪ್ಪನಿಲ್ಲದವಳ ಹಾಗೆ ಹೋಗಲಾರೆ ಎಂದು ಅತ್ತಳು. ಹೇಳಿಬಿಡೋಣ ಎಂದು ಬಾಯಿ ತೆರೆದೆ ಕೂಡ. ಮೊರದ ಮುಂದಿನ ಮಾತು ಎಂದು ನೆನಪಾಗಿ ನಾಲಿಗೆ ಕಚ್ಚಿಕೊಂಡೆ. ಒಂದು ವಾರ ಕಾಲ ಕೊಡಮ್ಮ ಎಂದು ಬೇಡಿಕೊಂಡೆ.

ಅಂದು ಸಂಜೆಯೇ ನರ್ಸರಿಗೆ ಹೋದೆ. ನೀವು ಎರೀರಿ ಅಂತ ನಾನು ಹೇಳಲ್ಲ ಮುನಿರಾಜು, ಯಾಕೆ ಎರೆಯಲ್ಲ ಅನ್ನೋದನ್ನ ಮಗಳಿಗೆ ಹೇಳಿ, ಇಲ್ಲದಿದ್ರೆ ಜೀವನಪೂರ್ತಿ ಅವಳು ತನ್ನದೇ ಏನೋ ತಪ್ಪು ಅನ್ಕೋತಾಳೆ ಎಂದೆ. ಅವರಿಗೆ ಸಿಟ್ಟು ಬಂತು. ನನ್ನ ಮೇಲೆ ಅವರು ದನಿ ಎತ್ತಿದ್ದು ಅದೊಂದೇ ಸಲ. "ಹೇಳಿದ ಮೇಲೆ ಅವಳು ನನ್ನ ಕೈ ನೋಡೋ ರೀತಿನೇ ಬೇರೆ ಆಗತ್ತೆ ಸಿಸ್ಟರ್. ಅದನ್ನ ನನ್ನಿಂದ ನೋಡೋಕಾಗಲ್ಲ." ಹೇಳುವುದಾದರೆ ನಾನು ಪಕ್ಕದಲ್ಲಿ ಕೂತಿರುತ್ತೇನೆ ಎಂದಷ್ಟೇ ಹೇಳಿ ಬಂದೆ.

ಭಾನುವಾರ ಬೆಳಿಗ್ಗೆ ಫೋನು ಮಾಡಿದರು. ಬನ್ನಿ, ಅವಳೂ ಬರ್ತಾಳೆ ಎಂದರು.

ಕುಂಡಗಳ ಸಾಲಿನ ಮಧ್ಯೆ ಮೂರು ಸ್ಟೂಲು ಹಾಕಿದ್ದರು. ಮುನಿರಾಜು ಮಗಳ ಕಡೆ ನೋಡದೆ ಒಂದು ಮಲ್ಲಿಗೆ ಗಿಡದ ಒಣಗಿದ ಎಲೆ ತೆಗೆಯುತ್ತಾ ಎಲ್ಲವನ್ನೂ ಹೇಳಿದರು. ಬಂಡೆ, ಎದ್ದ ಕೈ, ಕಲ್ಲು, ಕರವಸ್ತ್ರ. ನಮ್ಮ ಮುಂದೆ ಹೇಳಿದ್ದಕ್ಕಿಂತ ಒಂದಕ್ಷರ ಕಡಿಮೆ ಮಾಡಲಿಲ್ಲ. ಚೈತ್ರಾ ಕೈ ಕಟ್ಟಿ ಕೇಳಿದಳು.

"ಅವರಿಗೆ ಮಕ್ಕಳಿದ್ರಾ ಅಪ್ಪ?" ಎಂದಳು.

"ಗೊತ್ತಿಲ್ಲಮ್ಮ."

ಅವಳು ಎದ್ದು ಸ್ಕೂಟರ್ ತಿರುಗಿಸಿಕೊಂಡು ಹೊರಟುಹೋದಳು. ನೋಡಿದ್ರಾ ಸಿಸ್ಟರ್ ಎಂದರು ಮುನಿರಾಜು. ಅವರ ದನಿಯಲ್ಲಿ ಸಿಟ್ಟೂ ಇರಲಿಲ್ಲ. ಸುಬೇದಾರರು, ಸನ್ಮಾನ, ಈಗ ಇದು. ಇದು ಎಲ್ಲಕ್ಕಿಂತ ದೊಡ್ಡ ತಪ್ಪು, ಒಂದು ಮನೆ ಒಡೆದೆ ಎಂದುಕೊಂಡು ಮನೆಗೆ ಬಂದೆ.

ಎರಡು ದಿನ ಬಿಟ್ಟು ಜಯಮ್ಮನ ಫೋನು. ಗಂಡ ಅವಳಿಗೂ ಹೇಳಿದ್ದರು. "ಇಷ್ಟೇನಾ ಅಕ್ಕ? ನಾನು ಇವ್ರಿಗೆ ಆ ಕಡೆ ಎಲ್ಲೋ ಇನ್ನೊಂದು ಸಂಸಾರ ಐತೆ ಅನ್ಕಂಡು ಇಷ್ಟು ವರ್ಷ ಒಳಗೊಳಗೇ ಬೆಂದೋಗಿದ್ದೆ," ಎಂದಳು. ನನಗೆ ನಗು ಬಂತು, ಅವಳೂ ನಕ್ಕಳು, ನಗುತ್ತಲೇ ಅಳು ಶುರುವಾಯಿತು. ಹುಟ್ಟಿದ ಮಗುವನ್ನು ಕೈಗೆ ಕೊಡಲು ಹೋದರೆ ಹಿಂದೆ ಸರಿದಿದ್ದರಲ್ಲ, ಆಗಲೇ ಹೇಳಬಾರದಿತ್ತಾ, ನಾನು ಎಷ್ಟು ಬೈದೆ ಅವ್ರನ್ನ ಎಂದು ಅತ್ತಳು. ಚೈತ್ರಾ ಏನಂದಳು ಎಂದು ಕೇಳಿದೆ. ಏನೂ ಮಾತಾಡ್ತಿಲ್ಲ ಅಕ್ಕ, ಕೆಲಸಕ್ಕೆ ಹೋಗ್ತಾಳೆ, ಬರ್ತಾಳೆ, ಸೀರೆ ಮಡಿಸಿ ಪೆಟ್ಟಿಗೆಗೆ ಇಡ್ತಾಳೆ ಎಂದಳು.

ಮದುವೆಯ ದಿನ ಯಲಹಂಕದ ಛತ್ರಕ್ಕೆ ಹೋಗುವಾಗ, ಧಾರೆ ಯಾರು ಎರೆಯುತ್ತಾರೆ ಎಂದು ನನಗೆ ಗೊತ್ತಿರಲಿಲ್ಲ. ಜಯಮ್ಮನಿಗೂ ಗೊತ್ತಿರಲಿಲ್ಲ. ಮುನಿರಾಜು ಬಿಳಿ ಪಂಚೆ ಉಟ್ಟು ಬಾಗಿಲಲ್ಲಿ ನಿಂತು ಬಂದವರಿಗೆಲ್ಲ ಬನ್ನಿ ಎನ್ನುತ್ತಿದ್ದರು. ಕೈ ಮಾತ್ರ ಬೆನ್ನ ಹಿಂದೆ. ಮುಹೂರ್ತ ಹತ್ತಿರ ಬಂದಂತೆ ಹಿಂದೆ ಹಿಂದೆ ಸರಿದು ಕೊನೆಯ ಕುರ್ಚಿಗಳ ಸಾಲಿನ ಹತ್ತಿರ ಹೋಗಿ ನಿಂತರು. ಅಣ್ಣ ಅತ್ತಿಗೆ ಮಂಟಪದ ಪಕ್ಕ ಸಿದ್ಧವಾಗಿದ್ದರು.

ಪುರೋಹಿತರು ಹೆಣ್ಣಿನ ತಂದೆ ತಾಯಿ ಬನ್ನಿ ಎಂದು ಕರೆದರು. ದೊಡ್ಡಪ್ಪ ಮುಂದೆ ಬಂದು ಹಾಲಿನ ತಂಬಿಗೆಗೆ ಕೈ ಚಾಚಿದರು. ಚೈತ್ರಾ, ಒಂದು ನಿಮಿಷ ದೊಡ್ಡಪ್ಪ ಎಂದು ತಡೆದು, ತೆಂಗಿನಕಾಯಿಯನ್ನು ಗಂಡಿನ ಕೈಯಲ್ಲೇ ಬಿಟ್ಟು ಎದ್ದಳು. ತಂಬಿಗೆ ತೆಗೆದುಕೊಂಡು ಮಂಟಪ ಇಳಿದಳು. ಬಾಸಿಂಗ ಕಟ್ಟಿದ ಮದುಮಗಳು ಇಡೀ ಛತ್ರದ ಮಧ್ಯೆ ನಡೆದು ಬಂದರೆ ಎಷ್ಟು ಜನ ಬಾಯಿ ಮುಚ್ಚುತ್ತಾರೋ ಅಷ್ಟೂ ಜನ ಮುಚ್ಚಿದರು. ಓಲಗದವರೂ ನಿಲ್ಲಿಸಿದರು. ನಾನು ಮುನಿರಾಜು ಅವರಿಂದ ಎರಡು ಕುರ್ಚಿ ಆಚೆ ಇದ್ದೆ. ಆದ್ದರಿಂದ ಅವಳು ಮೆಲ್ಲಗೆ ಆಡಿದ್ದು ನನಗೆ ಕೇಳಿಸಿತು.

"ಅಪ್ಪ, ನಿನ್ನ ತಪ್ಪಿಲ್ಲ ಅಂತ ಹೇಳೋಕೆ ನಾನ್ ಬಂದಿಲ್ಲ. ನಂಗೂ ಗೊತ್ತಿಲ್ಲ ಅದು. ಈಗ ನಂಗೆಲ್ಲಾ ಗೊತ್ತು. ಗೊತ್ತಿದ್ದೇ ಕರೀತಿದ್ದೀನಿ. ಇದೇ ಕೈಲಿ ಎರಿ, ಬಾ."

ಮುನಿರಾಜು ಬೆನ್ನ ಹಿಂದಿನ ಕೈಗಳನ್ನು ಬಿಡಿಸಿದ್ದನ್ನು ನಾನು ನೋಡಿದೆ. ಅದಕ್ಕೆ ಎಷ್ಟು ಹೊತ್ತು ಹಿಡಿಯಿತು ಎಂದು ಹೇಳಲಾರೆ. ಅವಳು ತಂಬಿಗೆಯನ್ನು ಅವರ ಕೈಗೆ ಕೊಟ್ಟು, ತನ್ನ ಮದರಂಗಿಯ ಕೈಯನ್ನು ಅವರ ಕೈಯ ಮೇಲೆ ಇಟ್ಟುಕೊಂಡೇ ಮಂಟಪದವರೆಗೆ ಕರೆದುಕೊಂಡು ಹೋದಳು. ಜಯಮ್ಮ ಬಂದು ಪಕ್ಕದಲ್ಲಿ ನಿಂತಳು. ಎರೆಯುವಾಗ ಅರ್ಧ ಹಾಲು ಅಳಿಯನ ತೊಡೆಯ ಮೇಲೆ ಚೆಲ್ಲಿತು. ಹುಡುಗ ಅಲುಗಾಡದೆ ಕೂತಿದ್ದ. ನಾನು ಅಳುತ್ತಿದ್ದೆ, ಯಾಕಮ್ಮ ಅಳ್ತೀರಾ, ನಿಮ್ಮ ಮಗಳಾ ಎಂದು ಪಕ್ಕದ ಹೆಂಗಸು ಕೇಳಿದಳು. ಹೌದು ಎಂದುಬಿಟ್ಟೆ.

ಇಷ್ಟಾದ ಮೇಲೆ ಅವರಿಗೆ ಎಲ್ಲ ಹಗುರವಾಯಿತು ಎಂದು ಬರೆದರೆ ಸುಳ್ಳಾಗುತ್ತದೆ ತಾಯೀ. ಊಟದ ಮನೆಯಲ್ಲಿ ನಡೆದದ್ದನ್ನೂ ಹೇಳಬೇಕು. ಹೆಣ್ಣಿನ ತಂದೆ ಪಂಕ್ತಿಯಲ್ಲಿ ಓಡಾಡಿ ಉಪಚಾರ ಮಾಡುವುದು ನಮ್ಮಲ್ಲಿ ರೂಢಿ. ಮುನಿರಾಜು ಅಡುಗೆಯವರ ಕೈಯಿಂದ ಪಾಯಸದ ಬಕೆಟ್ಟು ಇಸಿದುಕೊಂಡು ತಾವೇ ಬಡಿಸಲು ಇಳಿದರು. ಒಂದೊಂದು ಎಲೆಗೂ ಬಗ್ಗಿ, ಇನ್ನೊಂದು ಚೂರು ಎಂದು ಬಲವಂತ ಮಾಡುತ್ತಾ ಬಂದರು. ಇವರೇನಾ ಎಂದು ನೆಂಟರೆಲ್ಲ ಮುಖ ಮುಖ ನೋಡಿಕೊಂಡರು. ನನ್ನ ಎಲೆಗೆ ಬಂದಾಗ ಸೌಟು ಎತ್ತಿದವರು ಹಾಗೇ ನಿಂತರು.

"ಸಿಸ್ಟರ್, ಅವನಿಗೂ ಮಗಳಿದ್ದಿದ್ರೆ, ಅವಳ ಮದುವೇಲಿ ಅಪ್ಪನ ಜಾಗದಲ್ಲಿ ಯಾರು ನಿಂತಿರ್ತಾರೆ?"

"ಗೊತ್ತಿಲ್ಲ ಮುನಿರಾಜು," ಎಂದೆ.

ಅವರು ತಲೆ ಆಡಿಸಿದರು. ಕಣ್ಣು ತುಂಬಿತ್ತು, ಒರೆಸಿಕೊಳ್ಳಲು ಎರಡೂ ಕೈಯಲ್ಲಿ ಬಿಡುವಿರಲಿಲ್ಲ. ನನ್ನ ಎಲೆಗೆ ಒಂದು ಸೌಟು ತುಂಬಾ ಹಾಕಿದರು. ಆಮೇಲೆ ಪಕ್ಕದ ಎಲೆಗೆ ಬಗ್ಗಿ, ಅಲ್ಲಿ ಕೂತಿದ್ದ ಪುಟ್ಟ ಹುಡುಗಿಯನ್ನು, ನಿಂಗೆಷ್ಟು ಹಾಕ್ಲಿ ಕಂದ ಎಂದು ಕೇಳಿದರು.